ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಉಪ್ಪುಗಾಳಿಯ ಊರಲ್ಲಿ ಯುದ್ಧ ಸ್ಮಾರಕ

ಕಾರವಾರದ ಟ್ಯಾಗೋರ್ ಕಡಲತೀರದ ಹಡಗು, ಪ್ರತಿಮೆಗಳ ಬಗ್ಗೆ ಬಂದ ಎರಡು ಪತ್ರಗಳಿಂದ ಶುರುವಾದ ಈ ಸಲದ ಅಂಕಣ ಘಟ್ಟ ಹತ್ತಿ ಶಿರಸಿಯವರೆಗೂ ಹೋಗಿದೆ. ತಮ್ಮೂರಲ್ಲೊಂದು ಸ್ಮಾರಕ ಕಟ್ಟಲು ಹೊರಟವರ ಪತ್ರಗಳೇ ಹೆಚ್ಚಿದ್ದುದರಿಂದ ಇತಿಹಾಸಕ್ಕಿಂತ ಕಲ್ಲು, ಸಿಮೆಂಟು, ಅಕ್ಷರಗಳ ಮಾತೇ ಜಾಸ್ತಿ.

ಪ್ರ: ನೆಂಟರು ಬಂದಾಗ ಚಪಲ್ ಯುದ್ಧನೌಕೆ ತೋರಿಸಿ, "1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು ಇದೇ" ಎನ್ನುತ್ತೇವೆ. ಹೋದ ವಾರ ಒಬ್ಬರು ಅದು ತಪ್ಪು ಎಂದರು. ಯಾವುದು ಸರಿ?
(ಕೋಡಿಬಾಗದ ಓದುಗರು, ಕಾರವಾರ)

ಉ: ಅವರು ಹೇಳಿದ್ದೇ ಸರಿ. ಚಪಲ್ ನಮ್ಮ ನೌಕಾಪಡೆಗೆ ಸೇರಿದ್ದು 1976ರಲ್ಲಿ, ಯುದ್ಧ ಮುಗಿದು ಐದು ವರ್ಷಗಳಾದ ಮೇಲೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. 8ರ ರಾತ್ರಿಯ ಎರಡನೇ ದಾಳಿಯಲ್ಲಿ ಕ್ಷಿಪಣಿ ಹಾರಿಸಿದ್ದು ವಿನಾಶ್. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಆ ಮೊದಲ ದಾಳಿಯಿಂದಲೇ.

ಗೊಂದಲಕ್ಕೆ ಕಾರಣವಿದೆ. ಇವೆಲ್ಲ ಸೋವಿಯತ್ 'ಓಸಾ' ಮಾದರಿಯ ದೋಣಿಗಳೇ. ಯುದ್ಧದ ಹೊತ್ತಿಗೆ ಬಂದಿದ್ದವು ಮೊದಲ ಮಾದರಿಯ ಎಂಟು. 1976-77ರಲ್ಲಿ ಸುಧಾರಿತ ಮಾದರಿಯ ಇನ್ನೆಂಟು ಬಂದವು. ಚಪಲ್ ಈ ಎರಡನೇ ತಂಡದ್ದು. ಕಣ್ಣಿಂದಲೇ ಪತ್ತೆ ಹಚ್ಚಬಹುದು: ಡೆಕ್ಕಿನ ಎರಡೂ ಬದಿ ಕ್ಷಿಪಣಿ ಇಡುವ ಗೂಡುಗಳನ್ನು ನೋಡಿ. 1971ರ ಫೋಟೋಗಳಲ್ಲಿ ಅವು ಚೌಕ ಪೆಟ್ಟಿಗೆಯಂತಿವೆ. ಚಪಲ್‌ನಲ್ಲಿ ಕೊಳವೆಯಂತೆ ಉರುಟಾಗಿವೆ. ಹಳೇ ಕ್ಷಿಪಣಿಯ ರೆಕ್ಕೆ ಚಾಚಿಕೊಂಡೇ ಇರುತ್ತಿತ್ತು, ಅದಕ್ಕೆ ಅಗಲದ ಪೆಟ್ಟಿಗೆ ಬೇಕು. ಹೊಸದರ ರೆಕ್ಕೆ ಮಡಚುತ್ತಿತ್ತು, ಕೊಳವೆ ಸಾಕಾಯಿತು. ನೆಂಟರಿಗೆ ಇದನ್ನೇ ತೋರಿಸಿ, ಕತೆ ಸಪ್ಪೆಯೇನೂ ಆಗುವುದಿಲ್ಲ.

ಚಪಲ್ 2005ರಲ್ಲಿ ಸೇವೆಯಿಂದ ಇಳಿದು 2006ರಲ್ಲಿ ಇಲ್ಲಿ ಸಂಗ್ರಹಾಲಯವಾಯಿತು. ಅದು ಯುದ್ಧನೌಕೆಯ ವಸ್ತುಸಂಗ್ರಹಾಲಯ, ಸತ್ತವರ ಸ್ಮಾರಕವಲ್ಲ. ಈ ವ್ಯತ್ಯಾಸ ಮುಂದಿನ ಉತ್ತರಗಳಿಗೂ ಬೇಕು.

ಪ್ರ: ಹಾಗಾದರೆ ಅಲ್ಲೇ ಇರುವ ಟುಪೊಲೆವ್ ವಿಮಾನ?
(ಅದೇ ಓದುಗರು)

ಉ: ಅದೂ ಸಂಗ್ರಹಾಲಯವೇ. ಕಡಲ ಮೇಲೆ ಕಣ್ಣಿಟ್ಟು ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಟಿಯು-142ಎಂ. 1988ರಲ್ಲಿ ಗೋವಾಕ್ಕೆ ಬಂದ ಈ ಜಾತಿಯ ವಿಮಾನಗಳು 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋಗಿ, 2017ರ ಮಾರ್ಚಿನಲ್ಲಿ ನಿವೃತ್ತವಾದವು. 53 ಮೀಟರ್ ಉದ್ದ, 50 ಮೀಟರ್ ರೆಕ್ಕೆಯ ವಿಮಾನವನ್ನು ಇಡಿಯಾಗಿ ರಸ್ತೆಯಲ್ಲಿ ತರಲಾಗದು. ಕಳಚಿ, ಲಾರಿಗಳಲ್ಲಿ ತಂದು, ಇಲ್ಲೇ ಜೋಡಿಸಿದ್ದಾರೆ.

ಪ್ರ: ರಾಣೆಯವರ ಹೆಸರಿನ ಹಿಂದೆ ಕೆಲವರು 'ಸೆಕೆಂಡ್ ಲೆಫ್ಟಿನೆಂಟ್' ಎನ್ನುತ್ತಾರೆ, ಕೆಲವರು 'ಮೇಜರ್'. ಕೆಲವು ಬ್ಯಾನರುಗಳಲ್ಲಿ 'ಹುತಾತ್ಮ' ಎಂದೂ ಇರುತ್ತದೆ. ಶಾಲೆಯಲ್ಲಿ ಒಂದು ಫಲಕ ಬರೆಸಬೇಕಾಗಿದೆ.
(ಶಿಕ್ಷಕರು, ಕಾರವಾರ ತಾಲೂಕು)

ಉ: 'ಹುತಾತ್ಮ' ಖಂಡಿತ ಬೇಡ. ಕಾರವಾರ ತಾಲೂಕಿನ ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆ ಅವರು ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರು. ತೀರಿಕೊಂಡದ್ದು 1994ರಲ್ಲಿ. ಅವರ ಸಾಧನೆಯ ಮುಖ್ಯ ಅಂಶವನ್ನೇ ಆ ಒಂದು ಪದ ಅಳಿಸಿಹಾಕುತ್ತದೆ.

ದರ್ಜೆ ಎರಡೂ ಸರಿ. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾ–ರಜೌರಿ ರಸ್ತೆಯಲ್ಲಿ ನೆಲಬಾಂಬು ಮತ್ತು ಅಡ್ಡಗಟ್ಟೆಗಳನ್ನು ತೆಗೆದು ಟ್ಯಾಂಕುಗಳಿಗೆ ಚಿಂಗಸ್‌ವರೆಗೆ ದಾರಿ ಮಾಡಿಕೊಟ್ಟಾಗ ಅವರು ಸೆಕೆಂಡ್ ಲೆಫ್ಟಿನೆಂಟ್. ಅವರ ದಳ 37ನೇ ಅಸಾಲ್ಟ್ ಫೀಲ್ಡ್ ಕಂಪನಿ, ಬಾಂಬೆ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ಪಡೆ). ಮೊದಲ ದಿನವೇ ಮಾರ್ಟರ್ ದಾಳಿಗೆ ತಂಡದ ಇಬ್ಬರು ಸತ್ತರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯವರೂ ಒಬ್ಬರು. ನಿವೃತ್ತರಾದದ್ದು ಮೇಜರ್ ಆಗಿ. ಫಲಕದಲ್ಲಿ "ಮೇಜರ್ ರಾಮ ರಾಘೋಬಾ ರಾಣೆ, ಪರಮವೀರ ಚಕ್ರ" ಎಂದು ದೊಡ್ಡದಾಗಿ ಬರೆಸಿ, ಕೆಳಗಿನ ಸಾಲಿನಲ್ಲಿ "1948ರಲ್ಲಿ ಸೆಕೆಂಡ್ ಲೆಫ್ಟಿನೆಂಟ್" ಎಂದು ಸೇರಿಸಿದರೆ ಮುಗಿಯಿತು.

ಚಿತ್ರ ಬಿಡಿಸುವವರಿಗೆ ಇನ್ನೂ ಒಂದು ಮಾತು. ರಣಾಂಗಣದ ರಾಣೆಯವರನ್ನು ತೋರಿಸುವುದಾದರೆ ಹೆಗಲ ಮೇಲೆ ಒಂದೇ ನಕ್ಷತ್ರ ಇರಲಿ. ಎದೆಯ ಮೇಲೆ ಪರಮವೀರ ಚಕ್ರ ಇರಕೂಡದು. ಆ ಪದಕ ಸ್ಥಾಪನೆಯಾದದ್ದೇ 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಗಿ. ಮೇಜರ್ ರಾಣೆಯವರ ಚಿತ್ರವಾದರೆ ಹೆಗಲಿಗೆ ಅಶೋಕ ಲಾಂಛನ, ಎಡ ಎದೆಯ ಮೇಲೆ ನೇರಳೆ ರಿಬ್ಬನ್ನಿನ ಕಂಚಿನ ಪದಕ. ಎರಡೂ ಕಾಲವನ್ನು ಒಂದೇ ಮೈಮೇಲೆ ತೊಡಿಸುವ ತಪ್ಪು ಪೋಸ್ಟರುಗಳಲ್ಲಿ ಆಗಾಗ ಕಾಣುತ್ತದೆ.

ಪ್ರ: ನಮ್ಮೂರಿನ ಏಳು ಯೋಧರ ಹೆಸರಿನಲ್ಲಿ ಐದಡಿ ಎತ್ತರದ ಸ್ಮಾರಕ ಕಟ್ಟಬೇಕೆಂದಿದ್ದೇವೆ. ಸಮುದ್ರ ಅರ್ಧ ಕಿಲೋಮೀಟರಿನೊಳಗೇ ಇದೆ. ಗುತ್ತಿಗೆದಾರರು ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟು) ಕಟ್ಟಿ ಅದಕ್ಕೆ ಗ್ರಾನೈಟ್ ಅಂಟಿಸೋಣ ಎನ್ನುತ್ತಾರೆ. ಎಷ್ಟು ವರ್ಷ ಬಾಳೀತು?
(ಸಮಿತಿಯ ಪರವಾಗಿ, ಅಂಕೋಲಾ)

ಉ: ಐದಡಿಯ ಗಟ್ಟಿ ದಿಬ್ಬಕ್ಕೆ ಕಬ್ಬಿಣವೇ ಬೇಡ. ನಮ್ಮ ಚಿರೇಕಲ್ಲಿನಲ್ಲಿ ಒಳಗೂ ಹೊರಗೂ ತುಂಬಿ ಕಟ್ಟಿದರೆ ಸಾಕು. ಕಂಬಿ ಇಲ್ಲದ ಕಡೆ ತುಕ್ಕೂ ಇಲ್ಲ. ಕರಾವಳಿಯಲ್ಲಿ ಕಾಂಕ್ರೀಟು ಒಡೆಯುವುದು ಕಾಂಕ್ರೀಟಿನ ದೋಷದಿಂದಲ್ಲ, ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬುವುದರಿಂದ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಅದು ಒಳಗಿಂದ ಬೆಣೆ ಹೊಡೆದಂತೆ ಒತ್ತುತ್ತದೆ. ಮೊದಲು ಕಂಬಿಯ ಸಾಲಿನುದ್ದಕ್ಕೂ ಕೂದಲೆಳೆಯ ಬಿರುಕು, ಆಮೇಲೆ ಕಂದು ನೀರಿನ ಕಲೆ, ಕೊನೆಗೆ ಚಕ್ಕೆ.

ಆರ್‌ಸಿಸಿಯೇ ಆಗಬೇಕೆಂದು ಹಟವಿದ್ದರೆ ಐಎಸ್ 456 ಎಂಬ ಭಾರತೀಯ ಮಾನಕ ಹೇಳುವಷ್ಟನ್ನಾದರೂ ಪಾಲಿಸಲಿ. ಕರಾವಳಿಯ ವಾತಾವರಣಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಕಂಬಿಯ ಮೇಲೆ 45 ಮಿ.ಮೀ. ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ). ಅಲೆಯ ಸಿಂಪಡಿಕೆ ತಾಗುವ ಜಾಗವಾದರೆ ಎಂ35 ಮತ್ತು 50 ಮಿ.ಮೀ. ನೀರು–ಸಿಮೆಂಟಿನ ಪ್ರಮಾಣ 0.45 ಮೀರಬಾರದು. ಎಂದರೆ 50 ಕೆ.ಜಿ. ಚೀಲಕ್ಕೆ 22.5 ಲೀಟರ್ ನೀರು, ಒದ್ದೆ ಮರಳಿನಲ್ಲಿರುವ ನೀರೂ ಅದರಲ್ಲೇ ಲೆಕ್ಕ. ಮಿಕ್ಸರ್ ಹತ್ತಿರ ನಿಂತು ಬಕೆಟ್ ಎಣಿಸಿದರೆ ಅರ್ಧ ಕೆಲಸ ಆದಂತೆ. ಸುರಿಯಲು ಸುಲಭವೆಂದು ಇನ್ನೊಂದು ಬಕೆಟ್ ಹೊಯ್ಯುವುದು ಎಲ್ಲ ಕಡೆ ನಡೆಯುವುದೇ. ಪಿಪಿಸಿ (ಹಾರುಬೂದಿ ಬೆರೆತದ್ದು) ಅಥವಾ ಸ್ಲ್ಯಾಗ್ (ಕಬ್ಬಿಣದ ಕಿಟ್ಟ ಬೆರೆತದ್ದು) ಸಿಮೆಂಟ್ ಉಪ್ಪನ್ನು ಹೆಚ್ಚು ತಡೆಯುತ್ತದೆ, ಆದರೆ 14 ದಿನ ನೀರುಣಿಸಲೇಬೇಕು. ಕಡಲ ಮರಳು ಒಂದು ಬುಟ್ಟಿಯೂ ಬೇಡ. ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುವ ಜಾಗವಾದರೆ ಪರೀಕ್ಷೆ ಮಾಡಿಸಿ. ಕಂಬಿಯಿರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ಮಿತಿ.

ಇನ್ನು ಗ್ರಾನೈಟ್ 'ಅಂಟಿಸುವ' ವಿಷಯ. ಅಡುಗೆಕಟ್ಟೆಗೆ ಹಾಕುವ ತೆಳು ಹಲಗೆಯನ್ನು ಸಿಮೆಂಟ್ ಗಾರೆಯಲ್ಲಿ ನೆಟ್ಟಗೆ ನಿಲ್ಲಿಸಿ ಅಂಟಿಸುತ್ತಾರೆ. ಹಿಂದೆ ಅಲ್ಲಲ್ಲಿ ಪೊಳ್ಳು ಉಳಿಯುತ್ತದೆ, ಮಳೆನೀರು ಅಲ್ಲಿ ಸೇರುತ್ತದೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಕೈಗೆ ಬರುತ್ತದೆ. ಬೆರಳ ಗಂಟಿನಿಂದ ತಟ್ಟಿ ನೋಡಿ, 'ಡಬ್ ಡಬ್' ಎಂದರೆ ಪೊಳ್ಳು. ಹೆಸರಿನ ಕಲ್ಲು ಅಂಟಿಸುವ ಕಲ್ಲಾಗಿರದೆ ತಾನೇ ನಿಲ್ಲುವ ಕಲ್ಲಾಗಿರಲಿ: 75 ಮಿ.ಮೀ. ದಪ್ಪ, ಬುಡ ಕಟ್ಟೆಯ ಮೇಲೆ ಕೊರೆದ ತೋಡಿನೊಳಗೆ ಕೂತಿರಬೇಕು. 1.2 ಮೀಟರ್ ಎತ್ತರ, 0.9 ಮೀಟರ್ ಅಗಲದ ಇಂಥ ಕಲ್ಲು ಸುಮಾರು 220 ಕೆ.ಜಿ. ತೂಗುತ್ತದೆ. ಎತ್ತಲು ಸರಪಳಿ ಕಪ್ಪಿ ಬೇಕು. ನಾಲ್ಕು ಜನ ಹೆಗಲು ಕೊಟ್ಟು ಎತ್ತುವಾಗಲೇ ಮೂಲೆ ಹಾರುವುದು.

ಕಲ್ಲಿಗೂ ಕಲ್ಲಿಗೂ ಕೊಡುವ ಪಿನ್ನು ಕಬ್ಬಿಣದ್ದು ಬೇಡವೇ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಎಂದರೂ ಸಾಲದು, 316 ದರ್ಜೆ ಎಂದು ಬರೆಸಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 304 ಉಪ್ಪುಗಾಳಿಗೆ ಚಹದ ಬಣ್ಣದ ಕಲೆ ಹಿಡಿದು ಚುಕ್ಕಿ ಚುಕ್ಕಿ ತೂತಾಗುತ್ತದೆ. 316ರಲ್ಲಿ ಶೇ. 2ರಿಂದ 3 ಮಾಲಿಬ್ಡಿನಂ ಇರುವುದರಿಂದ ತಡೆದುಕೊಳ್ಳುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವವರಿದ್ದಾರೆ. ಅದರಿಂದ ಈ ಎರಡರ ವ್ಯತ್ಯಾಸ ತಿಳಿಯದು. ಬಿಲ್ಲಿನ ಜೊತೆ ಪರೀಕ್ಷಾ ಪ್ರಮಾಣಪತ್ರ ಕೇಳಿ.

ಕಲ್ಲಿನ ನೆತ್ತಿ ಚಪ್ಪಟೆಯಾಗಿರದೆ ಹಿಂದಕ್ಕೆ ಇಳಿಜಾರಾಗಿರಲಿ. ಮುಂದಕ್ಕೆ ಚಾಚಿದ ಅಂಚಿನ ಕೆಳಗೆ ಬೆರಳ ಅಗಲದ ಒಂದು ಗೀರು ಕೊರೆಸಿ. ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಅಕ್ಷರಗಳ ಮೇಲೆ ಕರಿ ಪಟ್ಟೆ ಎಳೆಯುವುದಿಲ್ಲ. ಸುತ್ತಲಿನ ನೆಲಕ್ಕೆ ಮೀಟರಿಗೆ 2 ಸೆಂಟಿಮೀಟರ್ ಇಳುಕಲು ಸಾಕು.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿಡುವ ಅಭ್ಯಾಸ ಒಳ್ಳೆಯದಲ್ಲ. ಮಣ್ಣಿನ ಗೋಡೆಗೆ ಸೋಗೆ ತಟ್ಟಿ ಕಟ್ಟುವುದು ಬೇರೆ, ಅದರಲ್ಲಿ ಗಾಳಿ ಆಡುತ್ತದೆ. ಪ್ಲಾಸ್ಟಿಕ್ಕಿನೊಳಗೆ ಕಲ್ಲು ಬೆವರುತ್ತದೆ.

ಪ್ರ: ಹೆಸರುಗಳನ್ನು ಕಪ್ಪು ಗ್ರಾನೈಟಿನಲ್ಲಿ ಕೊರೆಸಿದ್ದೇವೆ. ಬಿಸಿಲಲ್ಲಿ ಚೆನ್ನಾಗಿ ಕಾಣುತ್ತವೆ, ಮಳೆ ಬಂದರೆ ಮಾಯ! ಎರಡು ಹೆಸರುಗಳಲ್ಲಿ ಒತ್ತಕ್ಷರವೂ ತಪ್ಪಾಗಿದೆ.
(ಕುಮಟಾ)

ಉ: ಹೊಳಪು ಕೊಟ್ಟ ಕಪ್ಪು ಕಲ್ಲಿಗೆ ಮರಳು ಚಿಮ್ಮಿಸಿ ಕೊರೆದ ಅಕ್ಷರ ಬೆಳ್ಳಗೆ ಕಾಣುವುದು ಅದರ ಮೈ ತರಿತರಿಯಾಗಿ ಒಣಗಿರುವುದರಿಂದ. ನೀರು ಬಿದ್ದರೆ ಆ ತರಿಯೂ ಕಪ್ಪಾಗುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಡೆಯುವ ನಮ್ಮ ಕಡೆ ಇದು ನಡೆಯದು. ಅಕ್ಷರದೊಳಗೆ ಬಿಳಿ ಅಥವಾ ಬಂಗಾರ ಬಣ್ಣದ ಎನಾಮಲ್ ತುಂಬಿಸಿ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ತುಂಬಿಸಬೇಕಾಗುತ್ತದೆ. ಆಳ ಕನಿಷ್ಠ 3 ಮಿ.ಮೀ. ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ. ಇನ್ನೂ ಕಲ್ಲು ಆರಿಸದಿದ್ದವರು ಹೊಳಪಿಲ್ಲದ ಬೂದು ಗ್ರಾನೈಟ್ ತೆಗೆದುಕೊಂಡು ಕಪ್ಪು ಅಕ್ಷರ ಬರೆಸುವುದು ಲೇಸು. ಹೊಳಪಿನ ಕಲ್ಲಿನಲ್ಲಿ ಹೆಸರಿಗಿಂತ ಮೊದಲು ಕಾಣುವುದು ಎದುರಿನ ತೆಂಗಿನಮರ ಮತ್ತು ನಮ್ಮದೇ ಮುಖ.

ಇಂಗ್ಲಿಷ್ ಫಲಕದ ಅಳತೆಯನ್ನು ಕನ್ನಡಕ್ಕೆ ಹಾಗೇ ಹಚ್ಚಬಾರದು. 25 ಮಿ.ಮೀ. ಎತ್ತರದ ಅಕ್ಷರವೆಂದರೆ ಮೇಲಿನ ಗುಡಿಸು, ಕೆಳಗಿನ ಒತ್ತು ಸೇರಿ 45ರಿಂದ 50 ಮಿ.ಮೀ. ಆಗುತ್ತದೆ. ಸಾಲಿನಿಂದ ಸಾಲಿಗೆ 57 ಮಿ.ಮೀ.ನಷ್ಟು ಬಿಡಬೇಕು. ಒಂದು ಮೀಟರ್ ಎತ್ತರದಲ್ಲಿ ಹದಿನೇಳು ಹೆಸರು, ಅಷ್ಟೇ. ಇಪ್ಪತ್ತೈದು ತುರುಕಿದರೆ ಒಬ್ಬರ ಒತ್ತು ಇನ್ನೊಬ್ಬರ ತಲೆಕಟ್ಟಿಗೆ ತಾಗುತ್ತದೆ. ದಪ್ಪ-ತೆಳುವಿನ ಅಲಂಕಾರದ ಲಿಪಿ ಬೇಡ. ಗೆರೆಯ ದಪ್ಪ ಎಲ್ಲೆಡೆ ಒಂದೇ ಇರಲಿ, 3 ಮಿ.ಮೀ.ಗಿಂತ ಕಡಿಮೆ ಬೇಡ. 'ಹ', 'ಷ', 'ಠ'ಗಳ ಒಳಗಿನ ಸಣ್ಣ ಜಾಗ ಕೊರೆಯುವಾಗ ಸುಲಭವಾಗಿ ಚಕ್ಕೆ ಏಳುತ್ತದೆ.

ಒತ್ತಕ್ಷರ ತಪ್ಪುವುದು ಉಳಿಯಿಂದಲ್ಲ, ಕಂಪ್ಯೂಟರಿನಿಂದ. ನೀವು ವಾಟ್ಸಾಪಿನಲ್ಲಿ ಕಳಿಸಿದ್ದು ಯುನಿಕೋಡ್, ಅಂಗಡಿಯವರ ಹಳೆಯ ಸಾಫ್ಟ್‌ವೇರಿಗೆ ಬೇಕಾದದ್ದು ನುಡಿ ಮಾದರಿಯ ಅಕ್ಷರ. ಅಲ್ಲಿ 'ಕೃಷ್ಣ' ಒಡೆಯುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಇದನ್ನು ತಪ್ಪಿಸುವ ದಾರಿ: ವಿನ್ಯಾಸವನ್ನು ನೀವೇ ಯಾರಿಂದಲಾದರೂ ಸರಿಯಾಗಿ ಟೈಪ್ ಮಾಡಿಸಿ, ಅಕ್ಷರಗಳನ್ನು 'ಕರ್ವ್ಸ್' (ಬರಿಯ ಗೆರೆಚಿತ್ರ) ಆಗಿ ಪರಿವರ್ತಿಸಿ ಪಿಡಿಎಫ್ ಕೊಡಿ. ಕೊರೆಯುವ ಮೊದಲು ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ಪ್ರತಿ ಮನೆಯವರಿಂದ ಅವರವರ ಹೆಸರಿನ ಪಕ್ಕ ಸಹಿ ಹಾಕಿಸಿಕೊಳ್ಳಿ. ಕೊಂಕಣಿ, ಮರಾಠಿ, ಉರ್ದು ಹೆಸರುಗಳಿರುವ ನಮ್ಮ ಜಿಲ್ಲೆಯಲ್ಲಿ ಈ ಸಹಿ ಇಲ್ಲದೆ ಉಳಿ ಮುಟ್ಟಿಸಬೇಡಿ. 'ಲ'ಕಾರ 'ಳ'ಕಾರವಾದರೆ ಮನೆಯವರಿಗೆ ಅದು ಬೇರೆಯವರ ಹೆಸರು.

ಆಗಿಹೋದ ಎರಡು ತಪ್ಪುಗಳಿಗೆ ಮೇಣ, ಪುಟ್ಟಿ ತುಂಬಿ ಮತ್ತೆ ಕೊರೆಯುವುದು ಬೇಡ, ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಇಡೀ ಕಲ್ಲನ್ನು ಹಿಂಬದಿಗೆ ತಿರುಗಿಸಿ ಕೊರೆಸಬಹುದು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಿಂದ ಇಲ್ಲೊಂದು ಉಪಾಯ ಕಲಿಯಬಹುದು. 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ಅದರಲ್ಲಿ ಒಂದರೊಳಗೊಂದು ನಾಲ್ಕು ವೃತ್ತಗಳಿವೆ: ಅಮರ, ವೀರತಾ, ತ್ಯಾಗ, ರಕ್ಷಕ ಚಕ್ರಗಳು. ತ್ಯಾಗ ಚಕ್ರದ ಗೋಡೆಗಳಲ್ಲಿ ಗ್ರಾನೈಟಿನ ಒಂದೊಂದು ಇಟ್ಟಿಗೆಗೆ ಒಬ್ಬೊಬ್ಬ ಯೋಧನ ಹೆಸರು. ನೋಡಲು ಗಂಭೀರ ಎನ್ನುವುದಿರಲಿ, ತಪ್ಪಾದರೆ ಒಂದು ಇಟ್ಟಿಗೆ ಬದಲಿಸಿದರೆ ಆಯಿತು, ಹೊಸ ಹೆಸರಿಗೆ ಒಂದು ಇಟ್ಟಿಗೆ ಸೇರಿಸಿದರೆ ಆಯಿತು. ಹಳ್ಳಿಯ ಸ್ಮಾರಕಕ್ಕೆ 30 ಸೆಂ.ಮೀ. ಉದ್ದ, 10 ಸೆಂ.ಮೀ. ಎತ್ತರ, 5 ಸೆಂ.ಮೀ. ದಪ್ಪದ ತುಂಡು ಸಾಕು. ಒಂದು ತುಂಡು 4 ಕೆ.ಜಿ., ಒಬ್ಬರೇ ಕೂರಿಸಬಹುದು. ಈಗಿರುವ ಹೆಸರುಗಳಷ್ಟೇ ಖಾಲಿ ತುಂಡುಗಳನ್ನೂ ಕೂರಿಸಿಡಿ. ಮುಂದೆ ಅದೇ ಗಣಿಯ ಅದೇ ಬಣ್ಣ ಸಿಗುತ್ತದೆಂಬ ನಂಬಿಕೆ ಬೇಡ.

ಪ್ರ: ನಮ್ಮ ಅಜ್ಜನ ಅಣ್ಣ ಮೊದಲ ಮಹಾಯುದ್ಧಕ್ಕೆ ಹೋದವರು ಮರಳಲಿಲ್ಲ. ದಾಖಲೆ ಎಲ್ಲಿ ಹುಡುಕಬೇಕು? ಸ್ಮಾರಕದಲ್ಲಿ ಯಾರ ಹೆಸರು ಸೇರಿಸಬೇಕು, ಯಾವ ಕ್ರಮದಲ್ಲಿ ಎಂಬುದಕ್ಕೆ ನಿಯಮವಿದೆಯೇ?
(ಹೊನ್ನಾವರ)

ಉ: ಮೊದಲಿಗೆ, ಮೈಸೂರಿನ ಕಡತಗಳಲ್ಲಿ ಹುಡುಕಿ ದಣಿಯಬೇಡಿ. ಉತ್ತರ ಕನ್ನಡ 1862ರಿಂದ ಬಾಂಬೆ ಪ್ರಾಂತ್ಯದಲ್ಲಿತ್ತು, 1956ರ ನವೆಂಬರ್ 1ರವರೆಗೂ ಅತ್ತಲೇ. ರಾಣೆಯವರು ಬಾಂಬೆ ಸ್ಯಾಪರ್ಸ್‌ಗೆ ಸೇರಿದ್ದಕ್ಕೂ ಇದೇ ಹಿನ್ನೆಲೆ. ಆದ್ದರಿಂದ ನಿಮ್ಮ ಅಜ್ಜನ ಅಣ್ಣನ ಜಿಲ್ಲೆ 'ಕೆನರಾ' ಎಂದೂ ಪ್ರಾಂತ್ಯ 'ಬಾಂಬೆ' ಎಂದೂ ದಾಖಲಾಗಿರುವ ಸಾಧ್ಯತೆ ಹೆಚ್ಚು. ಹಳೆಯ ಇಂಗ್ಲಿಷ್ ಕಾಗುಣಿತಗಳನ್ನೂ ಹಾಕಿ ನೋಡಿ: ಹೊನ್ನಾವರ 'ಹೊನೋರ್', ಕುಮಟಾ 'ಕೂಂಪ್ಟಾ', ಕಾರವಾರ 'ಕೆ' ಬದಲು 'ಸಿ' ಅಕ್ಷರದಿಂದ.

ಎರಡೂ ಮಹಾಯುದ್ಧಗಳಲ್ಲಿ ಸತ್ತವರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಇದೆ, ಜಾಲತಾಣದಲ್ಲಿ ಹುಡುಕಲು ಶುಲ್ಕವಿಲ್ಲ. ಅವರು ಲೆಕ್ಕಕ್ಕೆ ಹಿಡಿಯುವ ಅವಧಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಯುದ್ಧ 1918ಕ್ಕೇ ಮುಗಿಯಿತಲ್ಲ ಎಂದು 1920ರಲ್ಲಿ ಸತ್ತವರನ್ನು ಬಿಟ್ಟುಬಿಡಬೇಡಿ. ಸೇವಾ ಸಂಖ್ಯೆ ಮನೆಯ ಹಳೇ ಪದಕದ ಅಂಚಿನಲ್ಲೇ ಇರಬಹುದು. ಮೊದಲ ಮಹಾಯುದ್ಧದ ಪದಕಗಳ ಅಂಚಿಗೆ ಸಂಖ್ಯೆ, ಹೆಸರು, ದಳ ಕೊರೆಯುತ್ತಿದ್ದರು. ಭೂತಗನ್ನಡಿ ಹಿಡಿದು ನೋಡಿ, ಉಜ್ಜಬೇಡಿ. ಹುಡುಕಿಯೂ ಹೆಸರು ಸಿಗದಿದ್ದರೆ ಅವರು ಸತ್ತೇ ಇಲ್ಲವೆಂದಲ್ಲ. ಇರಾಕಿನ ಬಸ್ರಾ ಸ್ಮಾರಕದ ಫಲಕಗಳಲ್ಲಿ ಭಾರತೀಯ ಅಧಿಕಾರಿಗಳ ಹೆಸರಿತ್ತು, ಉಳಿದ ಭಾರತೀಯ ಸೈನಿಕರನ್ನು ದಳವಾರು ಸಂಖ್ಯೆಯಾಗಿಯಷ್ಟೇ ಕೆತ್ತಿದ್ದರು. ಸ್ವಾತಂತ್ರ್ಯಾನಂತರದವರಿಗೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸು ಮತ್ತು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ.

ಯಾರ ಹೆಸರು ಎಂಬುದನ್ನು ಕಲ್ಲು ತರುವ ಮೊದಲೇ ತೀರ್ಮಾನಿಸಿ. ಕಾಳಗದಲ್ಲಿ ಸತ್ತವರನ್ನೂ ಸೇವೆಯಲ್ಲಿದ್ದಾಗ ಅಪಘಾತ, ಕಾಯಿಲೆಯಿಂದ ತೀರಿಕೊಂಡವರನ್ನೂ ಸೇನೆ ಬೇರೆ ಬೇರೆ ದಾಖಲಿಸುತ್ತದೆ. ಶಿರೋನಾಮೆ "ಯುದ್ಧದಲ್ಲಿ ಮಡಿದವರು" ಎಂದಿದ್ದರೆ ಎರಡನೆಯವರು ಬರುವುದಿಲ್ಲ, "ಸೇನಾ ಸೇವೆಯಲ್ಲಿ ಪ್ರಾಣ ಬಿಟ್ಟವರು" ಎಂದಿದ್ದರೆ ಇಬ್ಬರೂ ಬರುತ್ತಾರೆ. ಸಣ್ಣ ಊರಿಗೆ ಎರಡನೆಯದೇ ಒಳ್ಳೆಯದು. ಮೊದಲನೆಯದನ್ನು ಕೆತ್ತಿಸಿ ಆಮೇಲೆ ಎಲ್ಲರನ್ನೂ ಸೇರಿಸಿದರೆ ಕಲ್ಲು ಸುಳ್ಳು ಹೇಳಿದಂತಾಗುತ್ತದೆ.

ಕ್ರಮಕ್ಕೆ ಕಾನೂನಿಲ್ಲ. ತೀರಿಕೊಂಡ ದಿನಾಂಕದ ಕ್ರಮ ಅನುಕೂಲ, ಹೊಸ ಹೆಸರು ತಾನಾಗಿ ಕೊನೆಗೆ ಬರುತ್ತದೆ. ಅಕಾರಾದಿಯಲ್ಲಿ ಹೊಸಬರನ್ನು ನಡುವೆ ನುಗ್ಗಿಸಬೇಕಾಗುತ್ತದೆ. ದರ್ಜೆಯ ಪ್ರಕಾರ ಮೇಲೆ ಕೆಳಗೆ ಮಾಡಬೇಡಿ. ಸೇವಾ ಸಂಖ್ಯೆ, ದರ್ಜೆ, ಹೆಸರು, ದಳ, ದಿನಾಂಕ ಇಷ್ಟು ಸಾಕು. ಒಂದೇ ಹೆಸರಿನ ಇಬ್ಬರಿರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಸಂಖ್ಯೆ ಬಿಡಬೇಡಿ. ಕಡಲಲ್ಲಿ ಹೋದವರಿಗೆ ಈ ಕಲ್ಲೇ ಗೋರಿ, ಇದೇ ಮಸಣ. 1971ರ ಡಿಸೆಂಬರ್ 9ರಂದು ದಿಯು ಆಚೆಯ ಕಡಲಲ್ಲಿ ಖುಕ್ರಿ ಯುದ್ಧನೌಕೆ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಹಡಗಿನೊಡನೆ ಹೋದರು. ಅಂಥವರ ಮನೆಯವರು ಬಂದು ಬೆರಳಾಡಿಸುವುದು ಹೆಸರಿನ ಮೇಲೆ. ಹೆಸರು ಕೈಗೆ ಎಟಕುವ ಎತ್ತರದಲ್ಲಿರಲಿ, ನೆಲದಿಂದ ಎರಡಡಿಗಿಂತ ಕೆಳಗೆ ಬೇಡ, ಐದೂವರೆಗಿಂತ ಮೇಲೆ ಬೇಡ.

ಪ್ರ: ಬನವಾಸಿ ಕಡೆಯ ವೀರಗಲ್ಲುಗಳ ಮಾದರಿಯಲ್ಲೇ ಇಂದಿನ ಸೈನಿಕರಿಗೂ ಕಲ್ಲು ನಿಲ್ಲಿಸಬಹುದೇ?
(ಶಿರಸಿ)

ಉ: ಧಾರಾಳವಾಗಿ. ಬೆಂಗಳೂರಿನ ಸೇನಾ ಸ್ಮಾರಕದಲ್ಲಿ ನಿಲ್ಲಿಸಿರುವ 75 ಅಡಿಯ ಏಕಶಿಲೆಗೂ ವೀರಗಲ್ಲು ಎಂದೇ ಹೆಸರು. ಆದರೆ ಹಳೆಯದನ್ನು ಓದಲು ಕಲಿತು ಆಮೇಲೆ ಮಾಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ, ತುರುಗೋಳಾದರೆ (ದನ ಅಪಹರಣದ ಕಾಳಗ) ದನಗಳೂ ಇರುತ್ತವೆ. ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಶಿವಲಿಂಗದೆದುರು ಕುಳಿತ ವೀರ. ನೆತ್ತಿಯಲ್ಲಿ ಸೂರ್ಯ-ಚಂದ್ರ, ಅವರಿರುವಷ್ಟು ಕಾಲ ಕೀರ್ತಿ ಇರಲೆಂದು. ಬರಹ ಇರುವುದು ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ. ಕರಾವಳಿಗೆ ಹೊಂದುವ ಮಾದರಿಯೂ ಇದೆ: ಹಳೇ ಗೋವಾದ ಪುರಾತತ್ತ್ವ ಸಂಗ್ರಹಾಲಯದಲ್ಲಿ ಹಡಗಿನ ಕಾಳಗ ಕೆತ್ತಿದ ಕದಂಬರ ಕಾಲದ ವೀರಗಲ್ಲನ್ನು ನೋಡಬಹುದು.

ಇಂದಿನ ಕಲ್ಲಿಗೆ ಮೇಲಿನ ಪಟ್ಟಿಕೆಯೇ ತೊಡಕು. ಮಡಿದವರು ಯಾವ ಧರ್ಮದವರೂ ಆಗಿರಬಹುದು. ಅಲ್ಲಿ ಸೂರ್ಯ-ಚಂದ್ರರನ್ನಷ್ಟೇ ಉಳಿಸಿಕೊಂಡು, ನಡುವಿನ ಪಟ್ಟಿಕೆಯಲ್ಲಿ ಹೆಸರು, ತಳದಲ್ಲಿ ಕಾಳಗದ ಜಾಗದ ಸರಳ ಚಿತ್ರ ಕೊಟ್ಟರೆ ಚೆನ್ನ. ಜೆಟ್ ವಿಮಾನ, ಟ್ಯಾಂಕು, ಬಾವುಟ, ಭಾರತಮಾತೆ ಎಲ್ಲ ಒಂದೇ ಕಲ್ಲಲ್ಲಿ ತುಂಬಿದರೆ ಕ್ಯಾಲೆಂಡರಾಗುತ್ತದೆ.

ಅಳತೆ: ನೆಲದ ಮೇಲೆ ಐದಡಿ ಕಾಣಬೇಕಾದರೆ ಕಲ್ಲು ಏಳೂವರೆ ಅಡಿ ಇರಲಿ, ಮೂರನೇ ಒಂದು ಪಾಲು ಮಣ್ಣಿನಡಿ. ಎರಡೂವರೆ ಅಡಿ ಅಗಲ, ಎಂಟು ಇಂಚು ದಪ್ಪದ ಇಂಥ ಗ್ರಾನೈಟ್ ಕಲ್ಲು ಸುಮಾರು ಒಂದು ಟನ್. ಗುಂಡಿಯ ತಳಕ್ಕೆ ಅರ್ಧ ಅಡಿ ಜಲ್ಲಿ ಹಾಕಿ ಗುದ್ದಿ ಗಟ್ಟಿ ಮಾಡಿ, ಇಲ್ಲದಿದ್ದರೆ ಎರಡನೇ ಮಳೆಗಾಲಕ್ಕೆ ವಾಲುತ್ತದೆ. ಬಳಪದ ಕಲ್ಲಿನಲ್ಲಿ ನಯವಾದ ಕೆತ್ತನೆ ಬರುತ್ತದೆ ನಿಜ, ಆದರೆ ಬಯಲಲ್ಲಿ ಶಿರಸಿಯ ಮಳೆಗೆ ಮೂಗು-ಮುಖ ಬೇಗ ಸವೆಯುತ್ತದೆ. ಪಾಚಿ ಕಟ್ಟಿದರೆ ನೀರು ಮತ್ತು ನಾರಿನ ಮೆದು ಬ್ರಷ್ ಸಾಕು. ಆ್ಯಸಿಡ್, ಬ್ಲೀಚಿಂಗ್ ಪುಡಿ, ತಂತಿ ಬ್ರಷ್, ಕಾರು ತೊಳೆಯುವ ಪ್ರೆಶರ್ ಪಂಪು ಇವು ಪಾಚಿಯ ಜೊತೆ ಕಲ್ಲಿನ ಮೈಯನ್ನೂ ಎಬ್ಬಿಸುತ್ತವೆ.

ಹಾಗೆಂದು ಗದ್ದೆಯಂಚಿನಲ್ಲಿರುವ ಹಳೇ ವೀರಗಲ್ಲನ್ನೇ ಕಿತ್ತು ತಂದು ಹೊಸ ಸ್ಮಾರಕದಲ್ಲಿ ನಿಲ್ಲಿಸುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅದು ನಿಂತ ಜಾಗವೂ ಅದರ ದಾಖಲೆಯ ಭಾಗವೇ.

ಪ್ರ: ಸದಾ ಉರಿಯುವ ಜ್ಯೋತಿ ಇಡಬಹುದೇ?
(ಭಟ್ಕಳ)

ಉ: ಬೇಡ. ದೆಹಲಿಯ ಅಮರ ಜವಾನ್ ಜ್ಯೋತಿ 1972ರ ಜನವರಿ 26ರಿಂದ ಎಲ್‌ಪಿಜಿ ಸಿಲಿಂಡರುಗಳಲ್ಲಿ ಉರಿಯುತ್ತಿತ್ತು, 2006ರಲ್ಲಿ ಕೊಳವೆ ಅನಿಲಕ್ಕೆ ಬದಲಾಯಿತು, 2022ರ ಜನವರಿ 21ರಂದು ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಂದಿಗೆ ಸೇರಿತು. ಅಲ್ಲಿ ಹಗಲೂ ರಾತ್ರಿ ಕಾಯುವ ಜನರಿದ್ದಾರೆ. ಆಷಾಢದ ಗಾಳಿಮಳೆಗೆ ಆರಿದ ಬರ್ನರಿನಿಂದ ಅನಿಲ ಸೋರುತ್ತಿದ್ದರೆ ನೋಡುವವರು ಯಾರು? ಕಲ್ಲಿನಲ್ಲೇ ಒಂದು ಗೂಡು ಬಿಡಿಸಿ, ಬೇಕಾದ ದಿನ ಎಣ್ಣೆ ದೀಪ ಹಚ್ಚಿ. ಗೂಡಿನ ಬಾಯಿ ಪಡುವಣಕ್ಕಿರದಿದ್ದರೆ ಸರಿ.

ಪ್ರ: ಕಂಚಿನ ಪ್ರತಿಮೆ ಹಸಿರು ಬಣ್ಣಕ್ಕೆ ತಿರುಗಿದೆ. ಮಹಿಳಾ ಸಂಘದವರು ಹುಣಸೆಹಣ್ಣು ಹಾಕಿ ಬೆಳಗಿಕೊಡುತ್ತೇವೆ ಎಂದಿದ್ದಾರೆ.
(ಕಾರವಾರ)

ಉ: ಅವರಿಗೆ ನಮಸ್ಕಾರ ಹೇಳಿ, ಕೈ ಹಾಕದಂತೆ ಕೇಳಿಕೊಳ್ಳಿ. ದೇವರಮನೆಯ ದೀಪವನ್ನು ಬೆಳಗಿದ ಮೇಲೆ ತೊಳೆದು ಒರೆಸಿ ಒಳಗಿಡುತ್ತೇವೆ. ಪ್ರತಿಮೆ ಹೊರಗೇ ಇರುತ್ತದೆ. ಹುಳಿ ಮೇಲಿನ ರಕ್ಷಣೆಯ ಪದರವನ್ನು ಕರಗಿಸುತ್ತದೆ, ಬರಿ ಮೈಗೆ ಉಪ್ಪುಗಾಳಿ ತಾಗಿ ಮೊದಲಿಗಿಂತ ಜೋರಾಗಿ ಹಸಿರೇರುತ್ತದೆ. ಹುಣಸೆಗೆ ಉಪ್ಪು ಬೆರೆಸಿದರಂತೂ ಇನ್ನೂ ಕೆಟ್ಟದ್ದು. ಪಾತ್ರೆ ಬೆಳಗುವ ಪುಡಿಗೂ ಇದೇ ಮಾತು.

ಗಟ್ಟಿಯಾಗಿ, ಸಮನಾಗಿ ಹರಡಿದ ಕಡು ಹಸಿರು ಅಥವಾ ಕಂದು ಪದರ ಕಂಚಿಗೆ ಹೊದಿಕೆ ಇದ್ದಂತೆ, ಇರಲಿ. ತಿಳಿ ಹಸಿರಿನ ಪುಡಿ ಚುಕ್ಕಿಗಳು, ಒರೆಸಿದರೂ ಮತ್ತೆ ಮತ್ತೆ ಬರುವಂಥವು ಕಂಡರೆ ಅದು ಕ್ಲೋರೈಡಿನ ಕಾಯಿಲೆ. ಕೆರೆಯದೆ ಸಂರಕ್ಷಣೆ ಬಲ್ಲವರನ್ನು ಕರೆಸಿ. ಮಾಮೂಲಿ ಆರೈಕೆ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲೊಮ್ಮೆ, ದೀಪಾವಳಿ ಆಸುಪಾಸಿನಲ್ಲೊಮ್ಮೆ: ಸಿಹಿನೀರಿನಲ್ಲಿ ಉಪ್ಪು ತೊಳೆಯುವುದು, ಬಕೆಟಿಗೆ ನಾಲ್ಕು ಹನಿ ಸೌಮ್ಯ ದ್ರವ ಸಾಬೂನು ಹಾಕಿ ಮೆದು ಬ್ರಷ್‌ನಿಂದ ಉಜ್ಜುವುದು, ಮತ್ತೆ ತೊಳೆದು ಒಂದು ದಿನ ಒಣಗಿಸುವುದು, ಬಿಸಿಲಿಗೆ ಲೋಹ ಬೆಚ್ಚಗಾದಾಗ ಬಣ್ಣವಿಲ್ಲದ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳ್ಳಗೆ ಸವರಿ ಹತ್ತಿ ಬಟ್ಟೆಯಿಂದ ತಿಕ್ಕುವುದು. ಮಳೆನೀರು ಮೈಮೇಲೆ ಮಣಿಮಣಿಯಾಗಿ ನಿಂತರೆ ಮೇಣ ಇನ್ನೂ ಇದೆ, ಚಾಪೆಯಂತೆ ಹರಡಿದರೆ ಮುಗಿದಿದೆ.

ಇದಕ್ಕೂ ಮೊದಲು ಅದು ಕಂಚೇ ಹೌದೋ ನೋಡಿ. ಉಗುರಿನಿಂದ ತಟ್ಟಿದರೆ ಕಂಚು ಕಣ್ ಎನ್ನುತ್ತದೆ. ಕಂಚಿನ ಬಣ್ಣ ಬಳಿದ ಫೈಬರ್ ಮಂಕಾಗಿ ಟಕ್ ಎನ್ನುತ್ತದೆ. ಅದಕ್ಕೆ ಮೇಣವಲ್ಲ, ಬಣ್ಣವೇ ಮದ್ದು.

ಪ್ರ: ಹೆದ್ದಾರಿ ಪಕ್ಕದ ವೃತ್ತದಲ್ಲಿ ಪ್ರತಿಮೆ ಇಡಲು ಅನುಮತಿ ಸಿಗುತ್ತಿಲ್ಲ. ಅನಾವರಣಕ್ಕೆ ಪ್ರತಿಮೆಗೆ ರಾಷ್ಟ್ರಧ್ವಜ ಹೊದಿಸಿ, ಪೀಠಕ್ಕೆ ನಾಲ್ಕು ಸಿಂಹದ ಲಾಂಛನ ಹಾಕುವ ಯೋಜನೆಯೂ ಇದೆ.
(ಅಂಕೋಲಾ ತಾಲೂಕು)

ಉ: ಅನುಮತಿ ಸಿಗದಿರುವುದೇ ಸರಿ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ಸ್ಥಾಪನೆಗೆ ರಾಜ್ಯಗಳು ಒಪ್ಪಿಗೆ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ವೃತ್ತದ ನಡುವಿನ ಹೆಸರನ್ನು ಓದಲು ವಾಹನಗಳ ನಡುವೆ ನುಗ್ಗಬೇಕಲ್ಲ? ಪಂಚಾಯಿತಿ ಜಾಗ ಅಥವಾ ಇಲಾಖೆಯ ಒಪ್ಪಿಗೆ ಪಡೆದು ಶಾಲೆಯ ಆವರಣ ನೋಡಿ. ಕಡಲಂಚಿನ ಜಾಗವಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವೂ ಬರುತ್ತದೆ, ಉಬ್ಬರದ ಗೆರೆಯಿಂದ ಎಷ್ಟು ದೂರ ಎಂದು ಮೊದಲೇ ಅಳೆಸಿ. ನೆರಳಿಗೆ ಹೊನ್ನೆ ನೆಡಿ. ಗೋಳಿಯ ಬೇರು ಕಟ್ಟೆ ಸೀಳುತ್ತದೆ, ತೆಂಗಿನಕಾಯಿ ಯಾರ ತಲೆಯೆಂದು ನೋಡುವುದಿಲ್ಲ.

ಧ್ವಜ ಸಂಹಿತೆಯ ಪ್ರಕಾರ ಪ್ರತಿಮೆಗಾಗಲಿ ಸ್ಮಾರಕಕ್ಕಾಗಲಿ ರಾಷ್ಟ್ರಧ್ವಜವನ್ನು ಹೊದಿಕೆಯಾಗಿ ಬಳಸುವಂತಿಲ್ಲ. ಧ್ವಜವನ್ನು ಬೇರೆಯಾಗಿ ಕಂಬದಲ್ಲಿ ಹಾರಿಸಿ, ಪ್ರತಿಮೆಗೆ ಬಿಳಿ ಬಟ್ಟೆ ಹೊದಿಸಿ. ಸಿಂಹ ಲಾಂಛನದ ಬಳಕೆಯನ್ನು 2005ರ ಕಾಯ್ದೆ ನಿರ್ಬಂಧಿಸಿದೆ. ಖಾಸಗಿ ಸಮಿತಿಗಳು ತಾವಾಗಿ ಕೆತ್ತಿಸುವಂತಿಲ್ಲ. ರೆಜಿಮೆಂಟಿನ ಮುದ್ರೆ ಬೇಕಿದ್ದರೆ ಆ ರೆಜಿಮೆಂಟಿನ ಕೇಂದ್ರಕ್ಕೆ ಪತ್ರ ಬರೆದು ಒಪ್ಪಿಗೆ ಮತ್ತು ಸರಿಯಾದ ಚಿತ್ರ ಎರಡನ್ನೂ ತರಿಸಿಕೊಳ್ಳಿ. ಅಂತರ್ಜಾಲದಿಂದ ಇಳಿಸಿಕೊಂಡ ಮುದ್ರೆಗಳಲ್ಲಿ ಸ್ವಾತಂತ್ರ್ಯಪೂರ್ವದ ಕಿರೀಟ ಹಾಗೇ ಉಳಿದಿರುವುದುಂಟು.